ತಾಳ ಹಾಕುವ ಊರು

ಮುಂಬಯಿಗೆ ಶ್ರುತಿ ಇಲ್ಲವೆಂದು ಹೇಳುವವರಿದ್ದಾರೆ. ಲಯ ಇಲ್ಲವೆಂದು ಹೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ನಸುಕಿನಲ್ಲಿ ಹಾಲಿನ ಕ್ರೇಟುಗಳನ್ನು ಇಳಿಸುವ ಸದ್ದಿನಿಂದ ಹಿಡಿದು ಕೊನೆಯ ಲೋಕಲ್ ಗಾಡಿ ಹಳಿ ದಾಟುವ ಸದ್ದಿನವರೆಗೆ ಈ ಊರು ಏನನ್ನಾದರೂ ಬಾರಿಸುತ್ತಲೇ ಇರುತ್ತದೆ. ಈ ಲೇಖನದ ಮೂಲಕ ನಾನು ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಕನ್ನಡ ಮಕ್ಕಳನ್ನು ಒಂದು ಸಣ್ಣ ಪ್ರವಾಸಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಮುಲುಂಡಿನಿಂದ ಹೊರಟು ಧೋಬಿ ತಲಾವಿನವರೆಗೆ ಹೋಗೋಣ. ಖರ್ಚು ಹೆಚ್ಚಿಲ್ಲ, ಲೋಕಲ್ ರೈಲಿನ ಪಾಸ್ ಇದ್ದರೆ ಸಾಕು. ದಾರಿಯಲ್ಲಿ ಸಿಗುವ ಸ್ಥಳಗಳೆಲ್ಲ ನಿಮಗೆ ಗೊತ್ತಿರುವಂಥವೇ. ಆದರೆ ಪ್ರತಿ ನಿಲ್ದಾಣದಲ್ಲೂ ನಾವು ಒಂದೇ ವಿಷಯವನ್ನು ಗಮನಿಸೋಣ: ಕೇಳಲು ಬಂದವರ ಕೈಗಳು ಏನು ಮಾಡುತ್ತಿವೆ?

ಈ ಪ್ರವಾಸದ ಯೋಚನೆ ಹುಟ್ಟಿದ್ದು ನನ್ನ ತಂಗಿಯ ಮಗಳ ಒಂದು ಮಾತಿನಿಂದ. ಅವಳು ಹುಟ್ಟಿದ್ದು ಮುಲುಂಡಿನಲ್ಲಿ, ಕಲಿತದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಅರ್ಥವಾಗುತ್ತದೆ, ಮಾತನಾಡಲು ಹೊರಟರೆ ನಡುವೆ ಹಿಂದಿ ನುಸುಳುತ್ತದೆ, ಓದಲು ಬರುವುದಿಲ್ಲ. ಒಂದು ದಿನ ಅವಳು ಹೇಳಿದಳು: “ದೊಡ್ಡಮ್ಮ, ಸಂಘದ ಕಾರ್ಯಕ್ರಮಕ್ಕೆ ಬಂದರೆ ನಾನು ಹಿಂದಿನ ಸಾಲಿನಲ್ಲಿ ಕೂತು ಫೋನು ನೋಡುತ್ತೇನೆ. ಅಲ್ಲಿ ನನಗೇನೂ ಕೆಲಸ ಇಲ್ಲ. ಡ್ರಮ್ ಸರ್ಕಲ್‌ಗೆ ಹೋದರೆ ನನಗೂ ಒಂದು ಕೆಲಸ ಇರುತ್ತದೆ.” ಇದು ದೂರಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮಾತು. ಈ ಮಾತನ್ನು ಮುಂಬಯಿಯ ನೂರಾರು ಕನ್ನಡ ಮನೆಗಳ ಮಕ್ಕಳು ಹೇಳಬಹುದಿತ್ತು. ಆದ್ದರಿಂದ ಅವಳು ಹೇಳುವ ಈ ಡ್ರಮ್ ಸರ್ಕಲ್ ಎಂದರೇನು ಎಂಬಲ್ಲಿಂದಲೇ ಹೊರಡೋಣ.

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ನಮ್ಮ ಸೊಸೈಟಿಯ ಸಭಾಗೃಹದಲ್ಲಿಯೇ ಇಂಥದೊಂದು ಕೂಟ ನಡೆಯಿತು. ಸುಮಾರು ನಲವತ್ತು ಕುರ್ಚಿಗಳನ್ನು ವೃತ್ತಾಕಾರದಲ್ಲಿ ಹಾಕಿದ್ದರು. ವೇದಿಕೆ ಇರಲಿಲ್ಲ, ಮೈಕು ಇರಲಿಲ್ಲ, ಹಾರ ತುರಾಯಿಯೂ ಇರಲಿಲ್ಲ. ಕೆಲವು ಕುರ್ಚಿಗಳ ಮುಂದೆ ‘ಜೆಂಬೆ’ ಎಂಬ ಆಫ್ರಿಕದ ವಾದ್ಯ, ಕೆಲವರ ಕೈಗೆ ಕಾಳು ತುಂಬಿದ ಗಿಲಕಿ, ಉಳಿದವರಿಗೆ ಮನೆಯಿಂದ ತಂದ ಡಬ್ಬ, ಬಕೆಟು, ತಟ್ಟೆ. ಬಂದವರಲ್ಲಿ ಶಾಲೆಯ ಮಕ್ಕಳಿದ್ದರು, ಬ್ಯಾಂಕಿನಿಂದ ನಿವೃತ್ತರಾದವರಿದ್ದರು, ಎರಡನೇ ಮಹಡಿಯ ಗುಜರಾತಿ ಅಜ್ಜಿ ಇದ್ದರು. ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್‌ನನ್ನೂ ಒಳಗೆ ಕರೆದು ಕೂರಿಸಿದರು. ನಡುವೆ ನಿಂತ ಯುವಕ ಭಾಷಣ ಮಾಡಲಿಲ್ಲ. ಎರಡು ಕೈಯಿಂದ ತನ್ನ ಜೆಂಬೆಯನ್ನು ನಿಧಾನವಾಗಿ, ಎದೆಬಡಿತದಂತೆ ಬಾರಿಸತೊಡಗಿದ. ನಾವೆಲ್ಲ ಅದನ್ನು ಹಿಡಿದುಕೊಂಡೆವು.

ಜೆಂಬೆ ಪಶ್ಚಿಮ ಆಫ್ರಿಕದ ಮಾಲಿ, ಗಿನಿ ಮೊದಲಾದ ದೇಶಗಳ ವಾದ್ಯ. ಒಂದೇ ಮರದ ತುಂಡನ್ನು ಪಾನಪಾತ್ರೆಯ ಆಕಾರದಲ್ಲಿ ಕೊರೆದು, ಬಾಯಿಗೆ ಆಡಿನ ಚರ್ಮ ಬಿಗಿದಿರುತ್ತಾರೆ. ಅಂಗೈಯಿಂದ ಚರ್ಮದ ನಡುವೆ ಬಡಿದರೆ ಗಂಭೀರವಾದ ನಾದ. ಅಂಚಿನಲ್ಲಿ ಬೆರಳುಗಳನ್ನು ಜೋಡಿಸಿ ಬಡಿದರೆ ತುಂಬಿದ ನಾದ. ಬೆರಳುಗಳನ್ನು ಸಡಿಲಬಿಟ್ಟು ಬಡಿದರೆ ಚುರುಕಾದ ನಾದ. ಈ ಮೂರು ಪೆಟ್ಟು ಹತ್ತು ನಿಮಿಷದಲ್ಲಿ ಯಾರಿಗಾದರೂ ಬರುತ್ತದೆ. ಡ್ರಮ್ ಸರ್ಕಲ್‌ನ ಗುಟ್ಟೇ ಅದು: ಒಳಗೆ ಬರಲು ಪರೀಕ್ಷೆ ಇಲ್ಲ.

ಮೊದಲ ಕೆಲವು ನಿಮಿಷ ಎಲ್ಲರೂ ತಮ್ಮ ವಾದ್ಯವನ್ನೇ ಕೇಳುತ್ತಿದ್ದರು, ಆದ್ದರಿಂದ ಮೀನು ಮಾರುಕಟ್ಟೆಯಂತಿತ್ತು. ಆಮೇಲೆ ಆ ಯುವಕ ವೃತ್ತವನ್ನು ಕೈಸನ್ನೆಯಿಂದ ಎರಡು ಪಾಲು ಮಾಡಿದ. ಒಂದು ಪಾಲು ನಿಲ್ಲಬೇಕು, ಇನ್ನೊಂದು ಬಾರಿಸಬೇಕು. ಬಳಿಕ ಗಿಲಕಿಗಳು ಮಾತ್ರ. ಬಳಿಕ ಬಕೆಟುಗಳು ಮಾತ್ರ. ತಾನು ನಿಂತಾಗ ಪಕ್ಕದವರು ಏನು ಬಾರಿಸುತ್ತಿದ್ದಾರೆಂದು ಪ್ರತಿಯೊಬ್ಬರಿಗೂ ಆಗ ಕೇಳಿಸತೊಡಗಿತು. ಅಲ್ಲಿಂದ ಮುಂದೆ ಗದ್ದಲ ಸಂಗೀತವಾಯಿತು. ಕೊನೆಗೆ ಅವನು ಎರಡೂ ಕೈ ಎತ್ತಿ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದಾಗ ಮೂಡಿದ ಮೌನದಲ್ಲಿ ಯಾರದೋ ಮನೆಯ ಕುಕ್ಕರಿನ ಸೀಟಿ ಸ್ಪಷ್ಟವಾಗಿ ಕೇಳಿತು. ನಲವತ್ತು ಜನ ಮುಂಬಯಿಕರರು ಒಂದೇ ಕ್ಷಣದಲ್ಲಿ ಸುಮ್ಮನಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಈ ಪದ್ಧತಿ ಅಮೇರಿಕದಲ್ಲಿ ರೂಪುಗೊಂಡಿತು. ಕ್ಯಾಲಿಫೋರ್ನಿಯದ ಆರ್ಥರ್ ಹಲ್ ಎಂಬವರು ಇಂಥ ವೃತ್ತಗಳನ್ನು ನಡೆಸುವ ವಿಧಾನವನ್ನು ಬೆಳೆಸಿ, ಅನೇಕರಿಗೆ ತರಬೇತಿ ಕೊಟ್ಟು, 1998ರಲ್ಲಿ ಅದರ ಮೇಲೆ ಪುಸ್ತಕವನ್ನೂ ಬರೆದರು. ಗ್ರೇಟ್‌ಫುಲ್ ಡೆಡ್ ತಂಡದ ಡ್ರಮ್ಮರ್ ಮಿಕ್ಕಿ ಹಾರ್ಟ್ 1991ರಲ್ಲಿ ಅಲ್ಲಿನ ಸೆನೆಟ್ ಸಮಿತಿಯೊಂದರ ಮುಂದೆ ಹಾಜರಾಗಿ, ವಯೋವೃದ್ಧರ ಒಂಟಿತನಕ್ಕೆ ಕೂಡಿ ಬಾರಿಸುವುದು ಒಳ್ಳೆಯ ಔಷಧವೆಂದು ವಾದಿಸಿದರು. ನಮ್ಮ ಬೆಂಗಳೂರಿನಲ್ಲಿ ಡ್ರಮ್ಮರ್ ರಾಬರ್ಟೊ ನರೈನ್ ಮತ್ತು ಗಾಯಕಿ ವಸುಂಧರಾ ದಾಸ್ ‘ಡ್ರಮ್‌ಜ್ಯಾಮ್’ ಎಂಬ ಹೆಸರಿನಲ್ಲಿ ಇದನ್ನು ಬೆಳೆಸಿದರು. ಇಂದು ಮುಂಬಯಿಯ ಕಾಲೇಜು, ಕಂಪೆನಿ, ಶಾಲೆ, ವೃದ್ಧಾಶ್ರಮಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಹಾಗಾದರೆ ಇದು ಪೂರ್ತಿ ಹೊರಗಿನಿಂದ ಬಂದದ್ದೇ? ಈ ಪ್ರಶ್ನೆಯನ್ನು ಜೋಳಿಗೆಯಲ್ಲಿಟ್ಟುಕೊಂಡು ಮುಲುಂಡ್ ಸ್ಟೇಷನ್‌ಗೆ ನಡೆಯೋಣ.

ಬೆಳಗಿನ ನಿಧಾನ ಗಾಡಿಗಳಲ್ಲಿ ಭಜನೆಯ ಡಬ್ಬಿ ಒಂದಾದರೂ ಸಿಗುವುದುಂಟು. ಕಲ್ಯಾಣ, ಕಸಾರ, ಕರ್ಜತ್ ಕಡೆಯಿಂದ ಬರುವ ನೌಕರರು ವರ್ಷಗಟ್ಟಲೆ ಒಂದೇ ಗಾಡಿಯ ಒಂದೇ ಡಬ್ಬಿಯಲ್ಲಿ ಪ್ರಯಾಣಿಸುತ್ತ ಮಂಡಳಿ ಕಟ್ಟಿಕೊಂಡಿರುತ್ತಾರೆ. ಒಬ್ಬರ ಬ್ಯಾಗಿನಿಂದ ತಾಳಗಳು ಹೊರಬರುತ್ತವೆ, ಇನ್ನೊಬ್ಬರು ಢೋಲಕ್ ತರುತ್ತಾರೆ, ವಾದ್ಯವಿಲ್ಲದವರಿಗೆ ಗಾಡಿಯ ಗೋಡೆಯೇ ಮೃದಂಗ. ಪಶ್ಚಿಮ ರೈಲ್ವೆಯ ವಿರಾರ್ ಗಾಡಿಗಳಲ್ಲೂ ಹೀಗೆಯೇ. ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡ ಗುಮಾಸ್ತ, ಅದರ ಮುಚ್ಚಳದ ಮೇಲೆ ಬೆರಳಾಡಿಸುತ್ತ ಅಭಂಗದಲ್ಲಿ ಸೇರಿಕೊಳ್ಳುತ್ತಾನೆ. ಅವನನ್ನು ಯಾರೂ ಹೆಸರು ಕೇಳುವುದಿಲ್ಲ, ಭಾಷೆ ಕೇಳುವುದಿಲ್ಲ. ನಿದ್ದೆ ಮಾಡಬೇಕೆನ್ನುವ ಪ್ರಯಾಣಿಕರಿಗೆ ಇದು ಕಿರಿಕಿರಿಯೆಂಬುದೂ ನಿಜ, ಆ ಜಗಳಗಳೂ ಆಗುತ್ತಿರುತ್ತವೆ. ಆದರೆ ನನ್ನ ತಂಗಿಯ ಮಗಳ ಡ್ರಮ್ ಸರ್ಕಲ್‌ಗೂ ಈ ಡಬ್ಬಿಗೂ ಇರುವ ವ್ಯತ್ಯಾಸ ಎಷ್ಟು? ಅಲ್ಲಿ ಕುರ್ಚಿ ಗುಂಡಗೆ ಹಾಕಿದ್ದರು, ಇಲ್ಲಿ ಜನ ನಿಂತಿದ್ದಾರೆ. ಅಷ್ಟೇ.

ಸಯನ್ ಸ್ಟೇಷನ್ನಿನಲ್ಲಿ ಇಳಿಯೋಣ. ಹಾರ್ಬರ್ ಲೈನಿನಿಂದ ಬರುವವರು ಕಿಂಗ್ಸ್ ಸರ್ಕಲ್‌ನಲ್ಲಿ ಇಳಿಯಿರಿ. ಎರಡೂ ಕಡೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಷಣ್ಮುಖಾನಂದ ಸಭಾಗೃಹವಿದೆ. ಸಭೆ ಸ್ಥಾಪನೆಯಾದದ್ದು 1952ರಲ್ಲಿ, ಸಭಾಗೃಹ ತೆರೆದದ್ದು 1963ರಲ್ಲಿ. 1990ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಅದರ ಬಾಗಿಲು ಮುಚ್ಚಿತ್ತು. 1998ರಲ್ಲಿ ಮತ್ತೆ ತೆರೆಯಿತು. ಎರಡೂವರೆ ಸಾವಿರಕ್ಕೂ ಮಿಕ್ಕಿದ ಆಸನಗಳಿರುವ ಈ ಮಂದಿರದಲ್ಲಿ ದಕ್ಷಿಣದ ಸಂಗೀತ ಕಛೇರಿ ನಡೆಯುವಾಗ ನೀವು ವೇದಿಕೆಯನ್ನು ಬಿಟ್ಟು ಸ್ವಲ್ಪ ಹೊತ್ತು ಜನರ ತೊಡೆಗಳನ್ನು ನೋಡಿ. ನೂರಾರು ಬಲಗೈಗಳು ಒಂದೇ ಲೆಕ್ಕದಲ್ಲಿ ಎದ್ದು ಬೀಳುತ್ತಿರುತ್ತವೆ.

ಆ ಲೆಕ್ಕ ಕಷ್ಟವಲ್ಲ, ಈಗಲೇ ಕಲಿಯಬಹುದು. ಆದಿತಾಳಕ್ಕೆ ಎಂಟು ಎಣಿಕೆ. ಅಂಗೈಯಿಂದ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಅಲ್ಲಿಗೆ ನಾಲ್ಕಾಯಿತು. ಮತ್ತೆ ಪೆಟ್ಟು, ಕೈ ಮಗುಚಿ ಹುಸಿ, ಪೆಟ್ಟು, ಹುಸಿ. ಎಂಟಾಯಿತು. ಮತ್ತೆ ಮೊದಲಿನಿಂದ. ಉತ್ತರಾದಿಯ ತೀನ್‌ತಾಳಕ್ಕೆ ಹದಿನಾರು ಮಾತ್ರೆ: 1, 5 ಮತ್ತು 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ. ಮೊದಲನೆಯ ಮಾತ್ರೆಯನ್ನು ‘ಸಮ್’ ಎನ್ನುತ್ತಾರೆ. ತಬಲಾದವರು ಎಲ್ಲೆಲ್ಲೋ ಸುತ್ತಾಡಿ ಸರಿಯಾಗಿ ಆ ಸಮ್‌ಗೆ ಬಂದು ನಿಂತಾಗ ಇಡೀ ಸಭೆ ‘ವಾಹ್’ ಎನ್ನುತ್ತದೆ. ಲೆಕ್ಕ ಹಾಕುತ್ತಿದ್ದವರಿಗೆ ಮಾತ್ರ ಆ ‘ವಾಹ್’ ಒಳಗಿನಿಂದ ಬರುತ್ತದೆ; ಉಳಿದವರು ಅವರನ್ನು ನೋಡಿ ಹೇಳುತ್ತಾರೆ. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಕಾವ್ಯ ಓದುವಾಗ ಸಾಲಿನ ಒತ್ತುಗಳನ್ನು ಗುರುತಿಸಲು ಬೆಂಚಿನ ಮೇಲೆ ಬೆರಳು ಬಡಿಯುತ್ತಿದ್ದೆವು. ಅರ್ಥ ಪೂರ್ತಿ ತಿಳಿಯುವ ಮೊದಲೇ ಪದ್ಯ ಮೈಗೆ ಹತ್ತುತ್ತಿತ್ತು. ತಾಳಕ್ಕೂ ಈ ಗುಣವಿದೆ.

ಕಛೇರಿಯ ನಡುವೆ ಗಾಯಕರು ನಿಲ್ಲಿಸಿ ಮೃದಂಗ, ಘಟಗಳಿಗೆ ಬಿಟ್ಟುಕೊಡುವ ಭಾಗವೇ ತನಿ ಆವರ್ತನ. ಅದು ಶುರುವಾದೊಡನೆ ಕಾಫಿ ಕುಡಿಯಲು ಕ್ಯಾಂಟೀನಿಗೆ ಏಳುವವರ ಬಗ್ಗೆ ನಮ್ಮಲ್ಲಿ ಹಳೆಯ ತಮಾಷೆಯೇ ಇದೆ. ಆದರೆ ಎದ್ದು ಹೋಗದೆ ಕೂತವರು ಸುಮ್ಮನೆ ಕೇಳುತ್ತಿರುವುದಿಲ್ಲ. ಮೃದಂಗದವರು ಲೆಕ್ಕವನ್ನು ಮುರಿದು, ತಿರುಚಿ, ಅಡಗಿಸಿ ಆಡುವಾಗ ಮೂಲ ಲೆಕ್ಕವನ್ನು ಜಾರದಂತೆ ಹಿಡಿದಿಡುವವರು ಗಾಯಕರು ಮತ್ತು ಈ ಶ್ರೋತೃಗಳು. ಇದೂ ಸಹಭಾಗವೇ. ಸದ್ದಿಲ್ಲದ ಸಹಭಾಗ.

ಇದೇ ಸಭಾಗೃಹದಲ್ಲಿ ಫೆಬ್ರವರಿ 3ಕ್ಕೆ ಒಂದು ವಿಶೇಷ ಅರ್ಥವಿದೆ. ತಬಲಾ ಮಾಂತ್ರಿಕ ಉಸ್ತಾದ್ ಅಲ್ಲಾ ರಖಾ 2000ನೇ ಇಸವಿಯ ಫೆಬ್ರವರಿ 3ರಂದು ತೀರಿಕೊಂಡರು. ಅವರ ನೆನಪಿಗಾಗಿ ಮಗ ಜಾಕಿರ್ ಹುಸೇನ್ ಪ್ರತಿವರ್ಷ ಅದೇ ದಿನ ಇಲ್ಲಿ ‘ಅಬ್ಬಾಜಿ’ಗೆ ನಮನ ಸಲ್ಲಿಸುವ ಕಾರ್ಯಕ್ರಮ ನಡೆಸಿಕೊಂಡು ಬಂದರು. ಬೆಳಗಿನ ಜಾವ ಆರಂಭವಾದರೆ ರಾತ್ರಿಯವರೆಗೆ. ತಬಲಾ, ಮೃದಂಗ, ಘಟ, ಪಖಾವಾಜ್, ಆಫ್ರಿಕ ಮತ್ತು ಪಶ್ಚಿಮದ ಡ್ರಮ್ಮುಗಳು ಒಂದೇ ವೇದಿಕೆಯಲ್ಲಿ. ಮೊದಲ ಗಾಡಿ ಹಿಡಿದು ಬಂದ ಕಾಲೇಜು ಹುಡುಗರು ಮೇಲಿನ ಬಾಲ್ಕನಿಯಲ್ಲಿ ಬೆರಳು ಎಣಿಸುತ್ತ ಕೂತಿರುತ್ತಿದ್ದರು.

ಜಾಕಿರ್ ಹುಸೇನ್ ಈ ಊರಿನವರೇ. 1951ರ ಮಾರ್ಚ್ 9ರಂದು ಮಾಹಿಮ್‌ನಲ್ಲಿ ಹುಟ್ಟಿ, ಅಲ್ಲಿಯ ಸೇಂಟ್ ಮೈಕೆಲ್ ಶಾಲೆಯಲ್ಲಿ ಕಲಿತವರು. ಷಣ್ಮುಖಾನಂದದಿಂದ ಮಾಟುಂಗಾ ದಾಟಿ ಪಶ್ಚಿಮಕ್ಕೆ ಬಂದರೆ ಅದೇ ಮಾಹಿಮ್. ಅವರು ತಬಲಾದ ಮೇಲೆ ಡಮರು, ಶಂಖ, ಓಡುವ ರೈಲುಗಳನ್ನು ನುಡಿಸಿ ತೋರಿಸುತ್ತಿದ್ದಾಗ ಶಾಸ್ತ್ರ ತಿಳಿಯದವರೂ ನಕ್ಕು ಚಪ್ಪಾಳೆ ತಟ್ಟಿ ಒಳಗೆ ಸೇರುತ್ತಿದ್ದರು. ಮಿಕ್ಕಿ ಹಾರ್ಟರ ಹೆಸರು ಹೇಳಿದೆನಲ್ಲ, ಅವರೊಂದಿಗೆ ಜಾಕಿರ್ ಹುಸೇನ್ ಮತ್ತು ಘಟದ ವಿಕ್ಕು ವಿನಾಯಕರಾಮ್ ನುಡಿಸಿದ ‘ಪ್ಲಾನೆಟ್ ಡ್ರಮ್’ ಧ್ವನಿಮುದ್ರಿಕೆಗೆ 1992ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ವಿಶ್ವ ಸಂಗೀತದ ಆಲ್ಬಮ್‌ಗೆಂದು ಕೊಟ್ಟ ಮೊಟ್ಟಮೊದಲ ಗ್ರ್ಯಾಮಿ ಅದು. ಅಂದರೆ ಡ್ರಮ್ ಸರ್ಕಲ್‌ನ ಪರವಾಗಿ ಅಮೇರಿಕದ ಸೆನೆಟ್‌ನಲ್ಲಿ ಮಾತನಾಡಿದ ವ್ಯಕ್ತಿಯೂ ಮಾಹಿಮ್‌ನ ಹುಡುಗನೂ ಒಂದೇ ವೃತ್ತದಲ್ಲಿ ಕೂತವರು. ನಮ್ಮ ಜೋಳಿಗೆಯ ಪ್ರಶ್ನೆಗೆ ಇದು ಅರ್ಧ ಉತ್ತರ. 2024ರ ಡಿಸೆಂಬರ್ 15ರಂದು ಜಾಕಿರ್ ಹುಸೇನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಧನರಾದರು. ಆ ಸುದ್ದಿ ಬಂದ ದಿನ ನಮ್ಮ ಬಡಾವಣೆಯ ತಬಲಾ ಕ್ಲಾಸಿನ ಮಕ್ಕಳು ಪಾಠ ಮಾಡದೆ ಹದಿನಾರು ಮಾತ್ರೆಯನ್ನು ಬರೀ ಕೈಯಿಂದ ಎಣಿಸುತ್ತ ಕೂತಿದ್ದರು.

ಅವರ ತಮ್ಮ ತೌಫಿಕ್ ಖುರೇಷಿ ಇನ್ನೊಂದು ದಾರಿ ತುಳಿದವರು. ತಬಲಾದ ಬೋಲುಗಳನ್ನೆಲ್ಲ ಜೆಂಬೆಯ ಮೇಲೆ ನುಡಿಸುವ ಕ್ರಮವೊಂದನ್ನು ರೂಪಿಸಿ, ಆ ಆಫ್ರಿಕದ ವಾದ್ಯಕ್ಕೆ ನಮ್ಮ ತಾಳಗಳನ್ನು ಕಲಿಸಿದರು. ‘ಮುಂಬಯಿ ಸ್ಟ್ಯಾಂಪ್’ ಎಂಬ ಅವರ ತಂಡದ ವಾದ್ಯಗಳೆಂದರೆ ಪ್ಲಾಸ್ಟಿಕ್ ಪೀಪಾಯಿ, ಕಸದ ಡಬ್ಬ ಮೊದಲಾದ ಗುಜರಿ ಸಾಮಾನು. 1991ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಸ್ಟಾಂಪ್’ ತಂಡವೂ ಪೊರಕೆ, ಬಕೆಟುಗಳಿಂದಲೇ ಜಗತ್ತನ್ನು ಗೆದ್ದಿತ್ತು. ಆದರೆ ಗುಜರಿ ವ್ಯಾಪಾರದ ರಾಜಧಾನಿಯಾದ ಧಾರಾವಿ ಈ ಮಾಹಿಮ್‌ನ ಮಗ್ಗುಲಲ್ಲೇ ಇರುವಾಗ, ಪೀಪಾಯಿ ಬಾರಿಸಲು ಮುಂಬಯಿಗೆ ಬೇರೆಯವರ ಪಾಠ ಬೇಕೇ? ನಿಮ್ಮ ಅಮ್ಮಂದಿರನ್ನು ಕೇಳಿ: ಚಪಾತಿ ಹಿಟ್ಟಿನ ಡಬ್ಬದ ಮೇಲೆ ನೀವು ಎರಡನೇ ವಯಸ್ಸಿನಲ್ಲಿ ಲಟ್ಟಣಿಗೆಯಿಂದ ಏನೇನು ಬಾರಿಸಿದ್ದೀರಿ ಎಂದು.

ಮಾಹಿಮ್‌ನಿಂದ ಚರ್ನಿ ರೋಡಿನ ಗಾಡಿ ಹಿಡಿದರೆ ಗಿರ್‌ಗಾಂವ್. ಇಲ್ಲಿಯ ಕೇಶವಜಿ ನಾಯಕ್ ಚಾಳಿನಲ್ಲಿ 1893ರಿಂದ ಸಾರ್ವಜನಿಕ ಗಣೇಶೋತ್ಸವ ನಡೆಯುತ್ತ ಬಂದಿದೆ. ಗಣೇಶನ ಆಗಮನ, ವಿಸರ್ಜನೆ ಮತ್ತು ಯುಗಾದಿಯ ಶೋಭಾಯಾತ್ರೆಗಳಲ್ಲಿ ಇಲ್ಲಿ ಢೋಲ್-ತಾಶಾ ಪಥಕಗಳನ್ನು ನೋಡಬೇಕು. ಪುಣೆಯಿಂದ ಹಬ್ಬಿದ ಈ ಪದ್ಧತಿಯಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಯುವಕ ಯುವತಿಯರು ಸೊಂಟಕ್ಕೆ ದೊಡ್ಡ ಢೋಲು ಬಿಗಿದುಕೊಂಡು ಒಂದೇ ಲೆಕ್ಕದಲ್ಲಿ ಬಾರಿಸುತ್ತಾರೆ. ಒಂದು ಕೈಯಲ್ಲಿ ಕೋಲು, ಅದಕ್ಕೆ ಟಿಪರೂ ಎನ್ನುತ್ತಾರೆ. ಇನ್ನೊಂದು ಕೈಯ ಅಂಗೈ ಮತ್ತೊಂದು ಮುಖಕ್ಕೆ. ತಾಶಾ ಚಿಕ್ಕದು, ತಟ್ಟೆಯಂಥ ಲೋಹದ ವಾದ್ಯ, ಎರಡು ತೆಳ್ಳನೆಯ ಕಡ್ಡಿಗಳಿಂದ ಅದನ್ನು ಬಡಿಯುತ್ತಾರೆ. ಢೋಲುಗಳ ದೊಡ್ಡ ಸೈನ್ಯವನ್ನು ನಡೆಸುವುದು ಈ ಚಿಕ್ಕ ತಾಶಾ. ಬಾರಿಸುವವರು ವೃತ್ತಿಯ ವಾದ್ಯಗಾರರಲ್ಲ. ಹಗಲು ಕಂಪ್ಯೂಟರ್ ಮುಂದೆ ಕೂರುವವರು, ಕಾಲೇಜಿಗೆ ಹೋಗುವವರು. ಹಬ್ಬಕ್ಕೆ ವಾರಗಟ್ಟಲೆ ಮೊದಲೇ ಸಂಜೆಯ ಹೊತ್ತು ಅಭ್ಯಾಸ ಮಾಡುತ್ತಾರೆ.

ನನ್ನ ತಂಗಿಯ ಮಗಳು ಇಂಥದೊಂದು ಪಥಕಕ್ಕೆ ಸೇರಿದಾಗ ಮನೆಯಲ್ಲಿ ಗೊಣಗಾಟವಾಯಿತು. “ಹುಡುಗಿ ಬೀದಿಯಲ್ಲಿ ಢೋಲು ಬಾರಿಸುವುದೇ?” ಎಂದು ಒಬ್ಬರು. “ಕನ್ನಡ ಸಂಘಕ್ಕೆ ಬಾ ಎಂದರೆ ಬರುವುದಿಲ್ಲ, ಮರಾಠಿಗರ ಮೆರವಣಿಗೆಗೆ ಓಡುತ್ತಾಳೆ” ಎಂದು ಇನ್ನೊಬ್ಬರು. ಮೊದಲ ಮಾತಿಗೆ ಉತ್ತರ ಬೆಂಗಳೂರಿನಲ್ಲೇ ಇದೆ. ಘಟ ನುಡಿಸುವ ಸುಕನ್ಯಾ ರಾಮಗೋಪಾಲ್ ಹೆಣ್ಣುಮಕ್ಕಳೇ ಇರುವ ‘ಸ್ತ್ರೀ ತಾಳ ತರಂಗ’ ತಂಡವನ್ನು 1995ರಲ್ಲೇ ಕಟ್ಟಿದರು. ಎರಡನೆಯ ಮಾತಿಗೆ ಉತ್ತರ ಹೇಳಿದವರು ನಮ್ಮ ಮಾವನವರು. ದಕ್ಷಿಣ ಕನ್ನಡದ ಹಳ್ಳಿಯಲ್ಲಿ ಬೆಳೆದ ಅವರು ಆ ಹುಡುಗಿಯ ವಾದ್ಯವನ್ನು ಕೈಗೆತ್ತಿಕೊಂಡು ನೋಡಿ ಹೇಳಿದ್ದು ಇಷ್ಟೇ: “ಇದು ನಮ್ಮ ಹುಲಿವೇಷದ ತಾಸೆಯಲ್ಲವೇ ಮಗಾ?” ಹೌದು, ಮಂಗಳೂರು ಉಡುಪಿಯ ಕಡೆ ಅಷ್ಟಮಿ ನವರಾತ್ರಿಗಳಲ್ಲಿ ಹುಲಿಗಳು ಕುಣಿಯುವುದು ತಾಸೆ ಡೋಲುಗಳ ಪೆಟ್ಟಿಗೇ. ಹೆಸರಿಗೆ ಹೆಸರು, ಪೆಟ್ಟಿಗೆ ಪೆಟ್ಟು ಹತ್ತಿರ. ಅಂದು ಸಂಜೆ ಅಜ್ಜ ಮೊಮ್ಮಗಳಿಗೆ ಊಟದ ಮೇಜಿನ ಮೇಲೆ ಎರಡು ಚಮಚಗಳಿಂದ ಹುಲಿಯ ಹೆಜ್ಜೆಯ ಪೆಟ್ಟನ್ನು ಕಲಿಸಿದರು. ಅವಳು ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ಪಥಕದ ಗೆಳೆಯರಿಗೆ ಕೇಳಿಸಿದಳು. ಆ ಹುಡುಗಿಗೆ ಊರಿನ ಮಾತು ಪೂರ್ತಿ ಬರುವುದಿಲ್ಲ. ಆದರೆ ಅಜ್ಜನಿಗೂ ಅವಳಿಗೂ ನಡುವೆ ಅಷ್ಟು ಹೊತ್ತು ನಡೆದ ಸಂಭಾಷಣೆಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಗಿರ್‌ಗಾಂವ್‌ನಿಂದ ನಡೆದೇ ಧೋಬಿ ತಲಾವಿಗೆ ಹೋಗಬಹುದು. ಸೇಂಟ್ ಝೇವಿಯರ್ಸ್ ಕಾಲೇಜಿನ ಹತ್ತಿರ ರಂಗಭವನವೆಂಬ ಬಯಲು ರಂಗಮಂದಿರವಿದೆ. ‘ಜಾಝ್ ಯಾತ್ರಾ’ ಎಂಬ ಅಂತರರಾಷ್ಟ್ರೀಯ ಉತ್ಸವ 1978ರಲ್ಲಿ ಆರಂಭವಾದದ್ದು ಇಲ್ಲಿ. ಆಕಾಶದ ಕೆಳಗೆ ಕೂತು ಸಾವಿರಾರು ಜನ ಕಾಲು ಕುಣಿಸುತ್ತ ಪಾಶ್ಚಾತ್ಯ ಡ್ರಮ್ಮುಗಳನ್ನು ಕೇಳಿದ ಸ್ಥಳ. ಆ ಕಾಲದ ಯುವಕರ ಪಾಲಿಗೆ ಸಭೆಯೇ ಬಾರಿಸುವ ಸಂಗೀತ ಹೊಸದಾಗಿರಲಿಲ್ಲ. ಕ್ವೀನ್ ತಂಡ 1977ರಲ್ಲಿ ಎರಡು ಸಲ ಕಾಲು ಅಪ್ಪಳಿಸಿ ಒಂದು ಚಪ್ಪಾಳೆ ತಟ್ಟುವ ‘ವಿ ವಿಲ್ ರಾಕ್ ಯು’ ಹಾಡನ್ನು ಜನರೇ ಬಾರಿಸಲೆಂದು ರಚಿಸಿತ್ತು. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಓದಿದ್ದು ನಮ್ಮ ಪಂಚಗಣಿಯ ಶಾಲೆಯಲ್ಲಿ ಎಂಬುದನ್ನು ನೀವು ಬಲ್ಲಿರಿ.

ಆದರೆ ರಂಗಭವನದ ಆ ವೈಭವ ಉಳಿಯಲಿಲ್ಲ. ಸುತ್ತ ಆಸ್ಪತ್ರೆಗಳು, ಕಾಲೇಜುಗಳು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್‌ವರೆಗೆ ಶಾಂತಿವಲಯ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಂಗಭವನದ ದೊಡ್ಡ ಸಂಗೀತ ಕೂಟಗಳು ನಿಂತುಹೋದವು. ಹಳೆಯ ಪ್ರೇಮಿಗಳಿಗೆ ದುಃಖವಾಯಿತು. ಆದರೆ ನಾನು ನಮ್ಮ ಅತ್ತೆಯವರ ಕಾಯಿಲೆಯ ಕಾಲದಲ್ಲಿ ಒಂದು ಆಸ್ಪತ್ರೆಯಲ್ಲಿ ಹತ್ತು ರಾತ್ರಿ ಕಳೆದವಳು. ಕಿಟಕಿಯ ಕೆಳಗೆ ಮೆರವಣಿಗೆಯೊಂದು ಗಂಟೆಗಟ್ಟಲೆ ನಿಂತಾಗ ರೋಗಿಗಳ ಮುಖ ನೋಡಿದವಳು. ಇಷ್ಟೊಂದು ಜನ ಒಬ್ಬರಿಗೊಬ್ಬರು ಅಂಟಿಕೊಂಡು ಬದುಕುವ ಊರಿನಲ್ಲಿ ಬಾರಿಸುವ ಹಕ್ಕಿಗಿಂತ ನಿಲ್ಲಿಸುವ ತಿಳಿವಳಿಕೆ ದೊಡ್ಡದು. ಢೋಲು ಕಲಿಯುವ ನಮ್ಮ ಮಕ್ಕಳಿಗೆ ಇದನ್ನೂ ಹೇಳಿಕೊಡಬೇಕು. ಮುಲುಂಡಿನ ಆ ಯುವಕ ಕೈಯೆತ್ತಿ ನಲವತ್ತು ಜನರನ್ನು ಸುಮ್ಮನಾಗಿಸಿದ್ದನ್ನು ನಾನು ದೊಡ್ಡ ವಿದ್ಯೆ ಎನ್ನುವುದು ಇದಕ್ಕೇ. ತೀನ್‌ತಾಳದಲ್ಲಿ ಒಂಬತ್ತನೆಯ ಮಾತ್ರೆ ಖಾಲಿ. ಆ ಖಾಲಿ ಇಲ್ಲದಿದ್ದರೆ ಎಲ್ಲಿದ್ದೇವೆಂದು ಯಾರಿಗೂ ತಿಳಿಯುವುದಿಲ್ಲ.

ನಮ್ಮ ಪ್ರವಾಸ ಇಲ್ಲಿಗೆ ಮುಗಿಯಿತು. ಜೋಳಿಗೆಯ ಪ್ರಶ್ನೆಗೆ ಈಗ ಪೂರ್ತಿ ಉತ್ತರ ಕೊಡಬಹುದು. ಡ್ರಮ್ ಸರ್ಕಲ್ ಎಂಬ ಹೆಸರು, ಗುಂಡಗಿನ ಕುರ್ಚಿ, ಕೈಸನ್ನೆಯ ಕ್ರಮ ಹೊರಗಿನಿಂದ ಬಂದವು. ಕೇಳುವವನ ಕೈಗೂ ಕೆಲಸವಿದೆ ಎಂಬ ತಿಳಿವಳಿಕೆ ಲೋಕಲ್ ಗಾಡಿಯಲ್ಲಿ, ಸಭಾಗೃಹದಲ್ಲಿ, ಗಣಪತಿಯ ಮುಂದೆ, ಹುಲಿವೇಷದ ಹಿಂದೆ ಮೊದಲಿನಿಂದಲೂ ಇತ್ತು. ಹಾಗಿದ್ದ ಮೇಲೆ ನಮ್ಮ ಸಂಘದ ಕಾರ್ಯಕ್ರಮದಲ್ಲಿ ಮಾತ್ರ ಮಕ್ಕಳಿಗೆ ಏಕೆ ಕೆಲಸವಿಲ್ಲ? ದೀಪ ಬೆಳಗುವುದು ಹಿರಿಯರು, ಭಾಷಣ ಹಿರಿಯರದು, ಸನ್ಮಾನ ಹಿರಿಯರಿಗೆ; ಮಕ್ಕಳ ಪಾಲಿಗೆ ವಂದನಾರ್ಪಣೆಯಾದ ಮೇಲಿನ ಉಪಾಹಾರ. ಹೀಗಿರುವಾಗ ಅವರು ಫೋನು ನೋಡದೆ ಇನ್ನೇನು ಮಾಡಿಯಾರು?

ನಮ್ಮಲ್ಲಿ ಸಾಮಗ್ರಿಗೆ ಬರವಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರಷ್ಟು ಹಳೆಯದು. ಮಾಟುಂಗಾ ಪಶ್ಚಿಮದಲ್ಲಿ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಗೃಹವಿದೆ. ಉಪನಗರಗಳಲ್ಲೆಲ್ಲ ನಮ್ಮ ಸಂಘ ಸಂಸ್ಥೆಗಳಿವೆ. ಯಕ್ಷಗಾನದ ಮೇಳ ಬಂದರೆ ಚೆಂಡೆ ಮದ್ದಳೆಗಳು ಬರುತ್ತವೆ. ಊರಿನಲ್ಲಿ ಆಟಕ್ಕೆ ಮುಂಚೆ ಚೆಂಡೆ ಬಾರಿಸಿ ಸುತ್ತಲಿನವರಿಗೆ ಸುದ್ದಿ ಮುಟ್ಟಿಸುವ ‘ಕೇಳಿ’ ಎಂಬ ಪದ್ಧತಿಯಿತ್ತು. ಹೆಸರೇ ನೋಡಿ, ಎಷ್ಟು ಚೆನ್ನಾಗಿದೆ: ಕೇಳಿ! ಚೆಂಡೆಯವರು ಐದು ನಿಮಿಷ ಮಕ್ಕಳನ್ನು ಹತ್ತಿರ ಕರೆದು ಕೋಲು ಹಿಡಿಯುವುದನ್ನು ತೋರಿಸಿದರೆ ಆಟ ನೋಡುವ ಕಣ್ಣೇ ಬದಲಾಗುತ್ತದೆ.

ಇನ್ನೊಂದು ವಿಷಯ. ನಮ್ಮ ತಾಳಕ್ಕೆ ಬಾಯಿಯೂ ಇದೆ. ತಕಿಟ ಎಂದರೆ ಮೂರು, ತಕಧಿಮಿ ಎಂದರೆ ನಾಲ್ಕು, ಎರಡನ್ನೂ ಸೇರಿಸಿದರೆ ಏಳು. ಇದನ್ನು ಕೊನ್ನಕ್ಕೋಲ್ ಎನ್ನುತ್ತಾರೆ. ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ಕರ್ನಾಟಕ ತಾಳವಾದ್ಯ ಕಾಲೇಜಿನ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಈ ವಿದ್ಯೆಯನ್ನು ದೇಶ ವಿದೇಶಗಳಿಗೆ ಒಯ್ದರು. ಅಮೇರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಹೊರತಂದರು. ಜರ್ಮನಿಯವರು ತಕಧಿಮಿ ಹೇಳಲು ಕಲಿಯಬಹುದಾದರೆ ಮುಲುಂಡಿನವರಿಗೆ, ಡೊಂಬಿವಲಿಯವರಿಗೆ ಕಷ್ಟವೇ? ನನ್ನ ತಂಗಿಯ ಮಗಳು ಈಗ ಈ ಸೊಲ್ಲುಗಳನ್ನು ಬರೆದಿಟ್ಟುಕೊಳ್ಳುತ್ತಾಳೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಮೂರೋ ನಾಲ್ಕೋ ಎಂದು ಗೊಂದಲವಾಗುತ್ತದೆಂದು ತಾನಾಗಿಯೇ ಕನ್ನಡ ಅಕ್ಷರ ಕೇಳಿದಳು. ನಮ್ಮ ಲಿಪಿಯಲ್ಲಿ ಒಂದು ಅಕ್ಷರಕ್ಕೆ ಒಂದು ಪೆಟ್ಟು. ಕಣ್ಣಿಗೇ ಲೆಕ್ಕ ಕಾಣಿಸುತ್ತದೆ. ತ, ಕ, ಧಿ, ಮಿ, ಕಿ, ಟ: ಆರು ಅಕ್ಷರ ಬಂದವು. ಉಳಿದವು ಎಲ್ಲಿಗೆ ಹೋದಾವು?

ಭಾಷೆ ಬಾರದಿದ್ದರೂ ನಡೆಯುತ್ತದೆ, ತಾಳ ಇದ್ದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಮನೆಯೊಳಗೆ ಬರಲು ಬಾಗಿಲು ಬೇಕು. ಬಾಗಿಲಲ್ಲೇ ಯಾರೂ ವಾಸ ಮಾಡುವುದಿಲ್ಲ. ಆದರೆ ಇಷ್ಟು ವರ್ಷ ನಾವು ಮಕ್ಕಳಿಗೆ ವ್ಯಾಕರಣದ ಬಾಗಿಲೊಂದನ್ನೇ ತೋರಿಸಿ, ಅಲ್ಲಿ ಮುಗ್ಗರಿಸಿದವರನ್ನು ನೋಡಿ ನಕ್ಕು, ಆಮೇಲೆ ಯಾರೂ ಬರುವುದಿಲ್ಲವೆಂದು ಸಭೆಗಳಲ್ಲಿ ಕೊರಗುತ್ತಿದ್ದೇವೆ. ಇನ್ನೊಂದು ಬಾಗಿಲನ್ನೂ ತೆರೆದು ನೋಡೋಣ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ವರ್ಷದಲ್ಲಿ ಒಂದು ಸಂಜೆ ವೇದಿಕೆಯನ್ನು ಖಾಲಿ ಬಿಟ್ಟು ಕುರ್ಚಿಗಳನ್ನು ಗುಂಡಗೆ ಹಾಕಿಸಿ. ಮೈಕು ಬೇಡ, ರಾತ್ರಿ ಒಂಬತ್ತರೊಳಗೆ ಮುಗಿಸೋಣ, ಪಕ್ಕದ ಕಟ್ಟಡದವರನ್ನೂ ಕರೆಯೋಣ. ಚೆಂಡೆ ಬಲ್ಲವರು ಚೆಂಡೆ ತರಲಿ, ತಾಸೆ ಬಲ್ಲ ಅಜ್ಜಂದಿರು ಮೊಮ್ಮಕ್ಕಳ ಪಕ್ಕದಲ್ಲಿ ಕೂರಲಿ, ಭಜನೆಯವರು ತಾಳ ತರಲಿ, ಪಥಕದ ಮಕ್ಕಳು ಢೋಲು ತರಲಿ. ಹತ್ತು ನಿಮಿಷ ಎಲ್ಲರೂ ಆದಿತಾಳ ಎಣಿಸಿ ಆರಂಭಿಸಿದರಾಯಿತು.

ಮಕ್ಕಳೇ, ನಿಮ್ಮಲ್ಲಿ ಓದಲು ಬಾರದವರಿಗೆ ಅಮ್ಮನೋ ಅಜ್ಜನೋ ಇದನ್ನು ಓದಿ ಹೇಳುತ್ತಿರಬಹುದು. ಅವರು ಓದುವಾಗ ನಿಮ್ಮ ಕೈ ತೊಡೆಯ ಮೇಲೆ ಏನಾದರೂ ಬಾರಿಸುತ್ತಿದ್ದರೆ ನಿಲ್ಲಿಸಬೇಡಿ. ಮುಂದಿನ ಕಾರ್ಯಕ್ರಮಕ್ಕೆ ಬರುವಾಗ ಮನೆಯಿಂದ ಒಂದು ಖಾಲಿ ಡಬ್ಬ ತನ್ನಿ. ಹಿಂದಿನ ಸಾಲಿನಲ್ಲಿ ಕೂರಬೇಡಿ. ಅಲ್ಲಿ ನಿಮಗೂ ಒಂದು ಕೆಲಸವಿದೆ ಎಂದು ಹೇಳಲು ನಾನು ಇರುತ್ತೇನೆ.